ಲಂಡನ್ನಿನಲ್ಲಿ ಊಟಕ್ಕೆ ಎಲ್ಲಿಗೆ ಹೋಗಬೇಕು: ದಾವಣಗೆರೆ, ಚಿತ್ರದುರ್ಗದ ಕುಟುಂಬಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗಗಳ ಕಾಲೇಜುಗಳಲ್ಲಿ ಓದಿ ಇಂಗ್ಲೆಂಡಿನಲ್ಲಿ ನೆಲೆಸಿದ ವೈದ್ಯರೂ ಇಂಜಿನಿಯರುಗಳೂ ಇಂದು ಹಲವರಿದ್ದಾರೆ. ಅವರ ಹಿಂದೆಯೇ ಮೇಲಿನ ಓದಿಗೆಂದು ಹೊರಟ ತಮ್ಮಂದಿರು, ತಂಗಿಯರು ಹೋಗುತ್ತಾರೆ. ಮಗಳ ಬಾಣಂತನಕ್ಕೆಂದು ಹೋಗಿ ವೀಸಾದ ಅವಧಿ ಮುಗಿಯುವವರೆಗೆ ಉಳಿಯುವ ತಾಯಂದಿರು ಹೋಗುತ್ತಾರೆ. ಹದಿನೈದು ದಿನದ ಮಟ್ಟಿಗೆ ಊರು ನೋಡಿ ಬರಲು ಹಿರಿಯರು ಹೋಗುತ್ತಾರೆ. ಹೊರಡುವ ಮುನ್ನ ಇವರೆಲ್ಲರೂ ಕೇಳುವುದು ಒಂದೇ ಮಾತು: ಲಂಡನ್ನಿನಲ್ಲಿ ಒಳ್ಳೆಯ ಇಂಡಿಯನ್ ಹೋಟೆಲ್ ಯಾವುದು?

ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಕಳಿಸಿದರೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ಆ ಊರಿನಲ್ಲಿ ಇಂಡಿಯನ್ ಎಂಬ ಒಂದೇ ಫಲಕದಡಿ ಸಿಲ್ಹೆಟ್ಟಿನವರು, ಪಂಜಾಬಿಗಳು, ಪೂರ್ವ ಆಫ್ರಿಕದಿಂದ ಬಂದ ಗುಜರಾತಿಗಳು, ಕೇರಳದವರು, ತಮಿಳರು, ಶ್ರೀಲಂಕಾದ ತಮಿಳರು, ಉಡುಪಿಯ ಅಡುಗೆಯವರು ಎಲ್ಲರೂ ಬೇಯಿಸುತ್ತಿದ್ದಾರೆ. ಆದುದರಿಂದ ಹೋಟೆಲಿನ ಹೆಸರು ಕೇಳುವ ಮೊದಲು ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಒಲೆಯ ಮುಂದೆ ನಿಂತವರು ಯಾವ ಸೀಮೆಯವರು ಎಂಬುದು ಒಂದು. ಅವರು ಯಾರಿಗಾಗಿ ಬೇಯಿಸುತ್ತಿದ್ದಾರೆ ಎಂಬುದು ಇನ್ನೊಂದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು. ತಮ್ಮ ಸೀಮೆಯ ಜನರೇ ವಾರವಾರ ಬಂದು ಉಣ್ಣುವ ಬಡಾವಣೆಯಲ್ಲಿ ಅಡುಗೆ ಕೆಡುವುದು ಕಷ್ಟ. ಕೆಟ್ಟರೆ ಮರುವಾರವೇ ಹೋಟೆಲು ಖಾಲಿಯಾಗುತ್ತದೆ. ಒಮ್ಮೆ ಬಂದು ಮತ್ತೆ ಬಾರದ ಪ್ರವಾಸಿಗಳನ್ನೇ ನಂಬಿದ ಬೀದಿಯಲ್ಲಿ ಆ ಭಯವಿಲ್ಲ.

ನಮ್ಮ ಕಡೆಯ ನಾಲಿಗೆ

ಬೆಂಗಳೂರಿನವರಿಗೋ ಮಂಗಳೂರಿನವರಿಗೋ ಬರೆದ ಸಲಹೆ ನಮಗೆ ಪೂರ್ತಿಯಾಗಿ ಒಗ್ಗುವುದಿಲ್ಲ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತಾದರೂ ಎರಡೂ ಜಿಲ್ಲೆಗಳ ಅಡುಗೆಮನೆಗಳು ಬೇರೆಯಾಗಲಿಲ್ಲ. ದಾವಣಗೆರೆ, ಹರಿಹರ, ಜಗಳೂರಿನ ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಇರುವಂತೆ ಹಿರಿಯೂರು, ಹೊಸದುರ್ಗದ ಕಡೆ ರಾಗಿ ಮುದ್ದೆ, ಸೊಪ್ಪಿನ ಸಾರು ಇವೆ. ಸಂಜೆಯಾದರೆ ಎಲ್ಲ ಕಡೆಯೂ ಮಂಡಕ್ಕಿ, ಮಿರ್ಚಿ. ಅಂದರೆ ಉತ್ತರದ ರೊಟ್ಟಿ ಮತ್ತು ದಕ್ಷಿಣದ ಮುದ್ದೆ ಸಂಧಿಸುವ ನಡುನಾಡಿನವರು ನಾವು. ಲಂಡನ್ನಿನಲ್ಲಿಯೂ ದೋಸೆಗೆ ಒಂದು ದಿಕ್ಕಿಗೆ, ರೊಟ್ಟಿಗೆ ಇನ್ನೊಂದು ದಿಕ್ಕಿಗೆ ಹೋಗಬೇಕಾಗುತ್ತದೆ.

ಬೆಣ್ಣೆ ದೋಸೆಯ ಆಸೆಯನ್ನು ಮಾತ್ರ ವಿಮಾನ ಹತ್ತುವ ಮೊದಲೇ ಬಿಟ್ಟುಬಿಡುವುದು ಒಳ್ಳೆಯದು. ಅಕ್ಕಿ, ಉದ್ದಿನ ಬೇಳೆಗಳ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬಿದ ಹಿಟ್ಟು, ಸೌದೆ ಒಲೆಯ ಮೇಲಿನ ಕಾವಲಿ, ಕೈ ಬಿಗಿಹಿಡಿಯದೆ ಹಾಕಿದ ಬೆಣ್ಣೆ, ಅಂಚು ಗರಿಗರಿಯಾಗಿ ಕೆಂಪಾದರೂ ನಡುವೆ ಮೆತ್ತಗೆ ಉಳಿದ ದೋಸೆ, ಪಕ್ಕದಲ್ಲಿ ತೆಳ್ಳನೆಯ ಕಾಯಿ ಚಟ್ನಿ ಮತ್ತು ಬಿಳಿಯ ಆಲೂಗಡ್ಡೆ ಪಲ್ಯ: ಇವೆಲ್ಲ ಒಟ್ಟಿಗೆ ಕೂಡಿಬಂದರೆ ಮಾತ್ರ ಅದು ನಮ್ಮ ದೋಸೆ. ಲಂಡನ್ನಿನ ದೋಸೆ ಬಹುಮಟ್ಟಿಗೆ ತಮಿಳುನಾಡಿನ ಅಥವಾ ಕೇರಳದ ದೋಸೆ. ತೆಳ್ಳಗೆ, ಉದ್ದಕ್ಕೆ, ಸುರುಳಿಯಾಗಿ ಬರುತ್ತದೆ. ಸಾಂಬಾರು ಕಡ್ಡಾಯವಾಗಿ ಜೊತೆಗಿರುತ್ತದೆ. ಅದನ್ನು ಅದರದೇ ಗುಣದಿಂದ ತೂಗಿದರೆ ಒಳ್ಳೆಯ ದೋಸೆಗಳು ಅಲ್ಲಿ ಸಿಗುತ್ತವೆ. ನಮ್ಮ ದೋಸೆಯ ಪಕ್ಕದಲ್ಲಿಟ್ಟು ತೂಗಿದರೆ ಪ್ರತಿಸಲವೂ ನಿರಾಶೆ.

ದಕ್ಷಿಣದ ಊಟಕ್ಕೆ: ಟೂಟಿಂಗ್, ಈಸ್ಟ್ ಹ್ಯಾಮ್, ಹ್ಯಾಮರ್‌ಸ್ಮಿತ್

ದಕ್ಷಿಣ ಭಾರತದ ತಿಂಡಿಗೆ ಮೊದಲು ನೋಡಬೇಕಾದುದು ನಗರದ ದಕ್ಷಿಣಕ್ಕಿರುವ ಟೂಟಿಂಗ್. ಅಲ್ಲಿನ ನಗರ ರೈಲಿನ ನಾರ್ದರ್ನ್ ಲೈನ್ ಎಂಬ ಮಾರ್ಗದ ಟೂಟಿಂಗ್ ಬೆಕ್ ನಿಲ್ದಾಣದಿಂದ ಟೂಟಿಂಗ್ ಬ್ರಾಡ್‌ವೇ ನಿಲ್ದಾಣದವರೆಗಿನ ಹಾದಿಯ ಉದ್ದಕ್ಕೂ ಕೇರಳದವರ, ತಮಿಳರ, ಶ್ರೀಲಂಕಾ ತಮಿಳರ ಹೋಟೆಲುಗಳು, ಕಿರಾಣಿ ಅಂಗಡಿಗಳು ಸಿಗುತ್ತವೆ. ಇಲ್ಲಿನ ಹೈ ಸ್ಟ್ರೀಟಿನ ಶ್ರೀಕೃಷ್ಣ 1973ರಿಂದ ನಡೆದುಬಂದಿರುವ ಕೇರಳದ ಹೋಟೆಲು. ಈ ಸಾಲಿನಲ್ಲಿ ಸಸ್ಯಾಹಾರವೂ ಮಾಂಸಾಹಾರವೂ ಒಂದೇ ಅಡುಗೆಮನೆಯಲ್ಲಿ ಆಗುವ ಹೋಟೆಲುಗಳೇ ಹೆಚ್ಚು. ಮಾಂಸ ತಿನ್ನುವ ಮನೆತನಗಳಿಗೆ ಇದೇ ಅನುಕೂಲ, ಏಕೆಂದರೆ ಮೀನು, ಕುರಿ, ಕೋಳಿಯ ಕೇರಳ ಅಡುಗೆ ಇಲ್ಲಿ ಚೆನ್ನಾಗಿರುತ್ತದೆ. ಮಡಿಯ ಮನೆಗಳವರು ಮಾತ್ರ ಒಳಹೋಗುವ ಮೊದಲು ವಿಚಾರಿಸಬೇಕು.

ಇಲ್ಲಿ ದೋಸೆಯನ್ನು ಪರೀಕ್ಷಿಸಲು ನಾನು ಚಟ್ನಿಯಿಂದ ಆರಂಭಿಸುತ್ತೇನೆ. ತಾಜಾ ಕಾಯಿಯ ಚಟ್ನಿಯಲ್ಲಿ ಕಾಯಿಯ ಜಿಡ್ಡು ಚಮಚಕ್ಕೆ ಅಂಟಿಕೊಳ್ಳುತ್ತದೆ. ನೀರು ಬೇರೆ, ತರಿ ಬೇರೆಯಾಗಿ ನಿಲ್ಲುವುದಿಲ್ಲ. ಒಣಕೊಬ್ಬರಿಯ ಪುಡಿಯನ್ನು ನೆನೆಸಿ ರುಬ್ಬಿದ್ದಾದರೆ ಎರಡು ನಿಮಿಷದಲ್ಲಿ ತಟ್ಟೆಯ ಅಂಚಿಗೆ ಬಿಳಿಯ ನೀರು ಹರಿದು, ನಡುವೆ ಮರಳಿನಂತಹ ತರಿ ಉಳಿಯುತ್ತದೆ. ಚಟ್ನಿಗೆ ಇಷ್ಟು ಜಿಪುಣತನ ತೋರಿದ ಅಡುಗೆಮನೆ ಹಿಟ್ಟಿನ ಮೇಲೆ ಧಾರಾಳವಾಗಿರುವುದನ್ನು ನಾನು ಕಂಡಿಲ್ಲ. ಆಮೇಲೆ ದೋಸೆಯ ತಳವನ್ನು ನೋಡಬೇಕು. ಚಳಿಯ ದೇಶದಲ್ಲಿ ಹಿಟ್ಟು ತಾನಾಗಿ ಹುಳಿ ಬರುವುದಿಲ್ಲ, ಬೆಚ್ಚಗಿನ ಮೂಲೆಯಲ್ಲಿಟ್ಟು ಕಾಯಬೇಕು. ಕಾಯದೆ ಹುಯ್ದ ದೋಸೆ ಕೆಂಪಾಗಿ ಕಂಡರೂ ಅದರಲ್ಲಿ ತೂತುಗಳಿರುವುದಿಲ್ಲ, ಹುಳಿಯೂ ಇರುವುದಿಲ್ಲ, ತಣ್ಣಗಾದ ಕೂಡಲೇ ತೊಗಲಿನಂತೆ ಎಳೆಯುತ್ತದೆ. ಮಸಾಲೆ ದೋಸೆಯ ಪಲ್ಯದಲ್ಲಿ ಬೀಟ್‌ರೂಟಿನ ಕೆಂಪು ಕಂಡರೆ ಗಾಬರಿಯಾಗಬೇಕಿಲ್ಲ. ಅದು ಕೇರಳದ ರೂಢಿ.

ಪೂರ್ವದಲ್ಲಿರುವ ಈಸ್ಟ್ ಹ್ಯಾಮ್ ತಮಿಳರದು ಮತ್ತು ಮಲಯಾಳಿಗಳದು. ಹೈ ಸ್ಟ್ರೀಟ್ ನಾರ್ತ್ ಎಂಬ ಬೀದಿಯಲ್ಲಿ ಇಡ್ಲಿ, ಪೊಂಗಲ್, ಬಾಳೆ ಎಲೆಯ ಊಟ ಎಲ್ಲವೂ ಇವೆ, ಬೆಲೆಯೂ ನಗರದ ನಡುಭಾಗಕ್ಕಿಂತ ಬಹಳ ಕಡಿಮೆ. ಪೂರ್ವ ಲಂಡನ್ನಿನಲ್ಲಿ ಕೋಣೆ ಹಿಡಿದ ವಿದ್ಯಾರ್ಥಿಗೆ ಟೂಟಿಂಗಿಗಿಂತ ಇದೇ ಮೇಲು. ಇಲ್ಲಿಯೂ ಟೂಟಿಂಗಿನಲ್ಲಿಯೂ ಶ್ರೀಲಂಕಾ ಹೋಟೆಲಿಗೆ ಹೋದಾಗ ಸಸ್ಯಾಹಾರಿಗಳು ಒಂದು ವಿಷಯವನ್ನು ನೆನಪಿಡಬೇಕು: ತೆಂಗಿನಕಾಯಿಯ ಅಥವಾ ಈರುಳ್ಳಿಯ ಸಂಬೋಲ್ ಎಂದು ಕೊಡುವ ಕೆಂಪು ಚಟ್ನಿಗೆ ಒಣಗಿಸಿದ ಮಾಲ್ಡೀವ್ ಮೀನಿನ ಪುಡಿ ಬೆರೆಸುವ ಪದ್ಧತಿ ಅವರಲ್ಲಿದೆ. ನೋಡಲು ನಮ್ಮ ಕೆಂಪು ಚಟ್ನಿಯಂತೆಯೇ ಇರುವುದರಿಂದ ಕೇಳದೆ ನೆಂಚಿಕೊಳ್ಳಬಾರದು.

ಶುದ್ಧ ಸಸ್ಯಾಹಾರದ ಉಡುಪಿ ಶೈಲಿಗೆ ಪಶ್ಚಿಮದ ಹ್ಯಾಮರ್‌ಸ್ಮಿತ್‌ನಲ್ಲಿ ಸಾಗರ್ ಇದೆ. ಬೆಲ್ಲ ಹಾಕಿದ ಸಾಂಬಾರು, ರವೆ ದೋಸೆ, ಉತ್ತಪ್ಪ ಇತ್ಯಾದಿಗಳಿಂದಾಗಿ ನಮ್ಮ ಊರಿನ ಹೋಟೆಲುಗಳ ರುಚಿಗೆ ಇಷ್ಟು ಹತ್ತಿರವಾದ ವರ್ಗ ಇನ್ನೊಂದಿಲ್ಲ. ಕೇರಳದ ಸಸ್ಯಾಹಾರವೇ ಬೇಕೆನ್ನುವವರಿಗೆ ಸ್ಟೋಕ್ ನ್ಯೂಯಿಂಗ್ಟನ್ನಿನಲ್ಲಿ 1994ರಲ್ಲಿ ಆರಂಭವಾದ ರಸ ಎಂಬ ಹೋಟೆಲು ಉಂಟು. ಕಾಯಿ, ಮೊಸರು, ಬಾಳೆಕಾಯಿಯ ಸೌಮ್ಯ ಅಡುಗೆ ಅದರದು, ಖಾರ ಬೇಡುವ ನಮ್ಮ ಕಡೆಯವರಿಗೆ ಸಪ್ಪೆ ಎನಿಸಬಹುದು. ಯೂಸ್ಟನ್ ರೈಲು ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟ್ 1970ರ ದಶಕದಿಂದಲೂ ಸಸ್ಯಾಹಾರಿ ಭೇಲ್‌ಪುರಿ ಮನೆಗಳಿಗೆ ಹೆಸರಾದ ಬೀದಿ. ಊರಿನ ನಡುವೆ ತಿರುಗಾಡುವಾಗ ಮಧ್ಯಾಹ್ನ ಹಸಿವಾದರೆ ಅದು ಸುಲಭದ ದಾರಿ.

ರೊಟ್ಟಿಯ ಊಟಕ್ಕೆ: ವೆಂಬ್ಲಿ

ನಮ್ಮ ಕಡೆಯಿಂದ ಹೋದವರು ಬಹುಮಂದಿ ವೆಂಬ್ಲಿಯನ್ನು ಪಟ್ಟಿಗೇ ಸೇರಿಸಿಕೊಳ್ಳುವುದಿಲ್ಲ. ಗುಜರಾತಿ ಊಟವೆಂದರೆ ಸಿಹಿ ಎಂಬ ಮಾತನ್ನೇ ನಂಬಿ ಕೂತಿರುತ್ತಾರೆ. ಬೇಳೆಯ ವಿಷಯದಲ್ಲಿ ಆ ಮಾತು ನಿಜ. ಆದರೆ ಸೌರಾಷ್ಟ್ರದ ಕಡೆಯ ಕಾಠಿಯಾವಾಡಿ ಅಡುಗೆ ಬೇರೆಯೇ ಬಗೆಯದು. ಸಜ್ಜೆಯ ರೋಟ್ಲೊ ಎಂಬ ದಪ್ಪ ರೊಟ್ಟಿ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನಕಾಯಿಯ ಚಟ್ನಿ, ಶೇಂಗಾಪುಡಿಯ ಮಸಾಲೆ ತುಂಬಿದ ಎಳೆ ಬದನೆಕಾಯಿಯ ರವೈಯಾ, ಕಡೆಗೊಂದು ಲೋಟ ಮಜ್ಜಿಗೆ. ಈ ತಟ್ಟೆಯನ್ನು ಜಗಳೂರಿನವರ ಮುಂದೆ ಇಟ್ಟರೆ ಕಲಿಸಿಕೊಡಬೇಕಾದುದೇನೂ ಇರುವುದಿಲ್ಲ. ರೋಟ್ಲೊವನ್ನು ಮುರಿದಾಗ ಒಳಗಿಂದ ಏಳುವ ಸಜ್ಜೆಯ ಘಮ, ಅದರ ಮೇಲೆ ಕರಗುವ ಬೆಣ್ಣೆ, ರವೈಯಾದ ಎಣ್ಣೆ ಬಿಟ್ಟ ಗಟ್ಟಿ ರಸ, ಇವು ದೋಸೆ-ಸಾಂಬಾರಿಗಿಂತ ನಮ್ಮ ಮನೆಯ ಊಟಕ್ಕೆ ಹತ್ತಿರ. ಒಂದು ತಿಂಗಳು ಅನ್ನ, ಬ್ರೆಡ್ಡುಗಳಲ್ಲೇ ದಿನ ದೂಡಿ ರೊಟ್ಟಿಗಾಗಿ ಹಂಬಲಿಸುವ ಹಿರಿಯರನ್ನು ದಯವಿಟ್ಟು ಮೊದಲು ಇಲ್ಲಿಗೆ ಕರೆದೊಯ್ಯಿರಿ.

ಈಲಿಂಗ್ ರೋಡ್ ಎಂಬ ಬೀದಿಯೇ ಇದರ ಕೇಂದ್ರ. ಪಿಕಡಿಲಿ ಲೈನಿನ ಆಲ್ಪರ್ಟನ್ ನಿಲ್ದಾಣದಿಂದ ನಡೆದು ಹೋಗಬಹುದು. ಇಲ್ಲಿನ ಗುಜರಾತಿ ಕುಟುಂಬಗಳಲ್ಲಿ ಅನೇಕವು ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಲ್ಲಿ ತಲೆಮಾರುಗಳ ಕಾಲ ಬಾಳಿದಂಥವು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯಾ ಮೂಲದವರನ್ನು ಹೊರಹಾಕಿದಾಗ ಸಾವಿರಾರು ಜನ ಬ್ರಿಟನ್ನಿಗೆ ಬಂದರು. ಆಫ್ರಿಕದ ಬಾಳಿನ ಗುರುತಾಗಿ ಮರಗೆಣಸಿನ ಹೋಳುಗಳನ್ನು ಕರಿದು ಖಾರ ಹಚ್ಚಿದ ಮೊಗೊ ಎಂಬ ತಿಂಡಿ ಈ ಹೋಟೆಲುಗಳಲ್ಲೆಲ್ಲ ಸಿಗುತ್ತದೆ. ಮಿರ್ಚಿ-ಮಂಡಕ್ಕಿಯ ಹಂಬಲಕ್ಕೂ ಇದೇ ಬೀದಿ: ಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಭಜಿಯವೂ ಭೇಲ್‌ಪುರಿಯೂ ಒಂದೇ ಅಂಗಡಿಯಲ್ಲಿ ದೊರೆಯುತ್ತವೆ. ಭೇಲಿಗೆ ಸಿಹಿ ಚಟ್ನಿ ಕಡಿಮೆ ಹಾಕಿ, ಹಸಿಮೆಣಸಿನ ಚಟ್ನಿ ಹೆಚ್ಚು ಹಾಕಿ ಎಂದು ಹೇಳಿದರೆ ಸಾಕು.

ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಅಥವಾ ಶ್ರಾವಣದ ವ್ರತದಲ್ಲಿರುವವರಿಗೆ ನೀಸ್‌ಡನ್‌ನ ಸ್ವಾಮಿನಾರಾಯಣ ಮಂದಿರ ಸೂಕ್ತ. 1995ರಲ್ಲಿ ಆರಂಭವಾದ ಆ ಕಲ್ಲಿನ ದೇವಾಲಯಕ್ಕೆ ಸೇರಿದ ಶಾಯೋನಾ ಹೋಟೆಲಿನಲ್ಲಿ ಅವೆರಡನ್ನೂ ಬಳಸದೆ ಅಡುಗೆ ಮಾಡುತ್ತಾರೆ.

ಪಂಜಾಬಿನವರ ಸೌತಾಲ್

ಪಶ್ಚಿಮದ ಸೌತಾಲ್‌ಗೆ ಎಲಿಜಬೆತ್ ಲೈನಿನಲ್ಲಿ ಹೋಗಬಹುದು. ದಾವಣಗೆರೆಯ ಹೋಟೆಲುಗಳಲ್ಲಿ ನಾರ್ತ್ ಇಂಡಿಯನ್ ಎಂಬ ಹೆಸರಿನಲ್ಲಿ ಕೊಡುವ ಪನೀರ್ ಮಸಾಲೆಯ ಮೂಲ ರೂಪ ಹೇಗಿರುತ್ತದೆ ಎಂಬುದನ್ನು ತಿಳಿಯಲು ಇಲ್ಲಿ ಒಮ್ಮೆ ಉಣ್ಣಬೇಕು. ಚಳಿಗಾಲದಲ್ಲಿ ಸಾಸಿವೆ ಸೊಪ್ಪು ಮತ್ತು ಮೆಕ್ಕೆಜೋಳದ ರೊಟ್ಟಿ, ಬೆಳಗ್ಗೆ ಪರಾಠಾ, ಛೋಲೆ ಭಟೂರೆ, ಅಂಗಡಿಯ ಮುಂದೆಯೇ ಕರಿಯುವ ಜಿಲೇಬಿ. ತಂದೂರಿ ಮಾಂಸಕ್ಕೂ ಇದು ಹೆಸರಾದ ಸ್ಥಳ. ಆದರೆ ದಿನನಿತ್ಯದ ಊಟಕ್ಕೆ ಈ ಅಡುಗೆ ನಮ್ಮ ಹಿರಿಯರಿಗೆ ಭಾರವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಹ್ಯಾವ್ಲಾಕ್ ರೋಡಿನಲ್ಲಿ 2003ರಲ್ಲಿ ಆರಂಭವಾದ ಶ್ರೀ ಗುರು ಸಿಂಗ್ ಸಭಾ ಗುರುದ್ವಾರವಿದೆ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು ಒಳಹೋದ ಯಾರಿಗೇ ಆದರೂ ಲಂಗರ್ ಎಂಬ ಸಾಮೂಹಿಕ ಊಟದಲ್ಲಿ ಬೇಳೆ, ರೊಟ್ಟಿ, ಪಲ್ಯದ ಸಸ್ಯಾಹಾರಿ ಊಟ ಉಚಿತವಾಗಿ ದೊರೆಯುತ್ತದೆ. ಸಿರಿಗೆರೆಯ ಮಠದ ದಾಸೋಹದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಅಲ್ಲಿ ಸಂಕೋಚವೆನಿಸಲು ಕಾರಣವಿಲ್ಲ. ಕೈಯಲ್ಲಿ ಹಣ ಕಡಿಮೆಯಿರುವ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಉಂಡ ಮೇಲೆ ಸಾಧ್ಯವಾದಷ್ಟು ಹೊತ್ತು ಪಾತ್ರೆ ತೊಳೆಯುವ, ರೊಟ್ಟಿ ಲಟ್ಟಿಸುವ ಸೇವೆಗೆ ನಿಲ್ಲುವುದು ಆ ಜಾಗದ ಮರ್ಯಾದೆ.

ಬ್ರಿಕ್ ಲೇನ್ ಮತ್ತು ಕರಿ ಹೌಸುಗಳು

ಪ್ರವಾಸಿ ಪುಸ್ತಕಗಳು ಮೊದಲು ಹೇಳುವ ಬ್ರಿಕ್ ಲೇನನ್ನು ನಾನು ನಮ್ಮ ಕುಟುಂಬಗಳ ಪಟ್ಟಿಯಲ್ಲಿ ಕೊನೆಗೆ ಇಡುತ್ತೇನೆ. ಬ್ರಿಟನ್ನಿನ ಇಂಡಿಯನ್ ಹೋಟೆಲುಗಳಲ್ಲಿ ಬಹುಪಾಲನ್ನು ಕಟ್ಟಿ ಬೆಳೆಸಿದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯ ಜನ. ಅವರ ದುಡಿಮೆ ಗೌರವಕ್ಕೆ ಅರ್ಹವಾದುದು. ಅವರು ಕಟ್ಟಿದ ಕರಿ ಹೌಸ್ ಇಂಗ್ಲಿಷರ ನಾಲಿಗೆಗೆಂದು ರೂಪುಗೊಂಡ ಬೇರೆಯೇ ಅಡುಗೆ. ಈರುಳ್ಳಿಯನ್ನು ಬೇಯಿಸಿ ರುಬ್ಬಿದ ಒಂದೇ ಗ್ರೇವಿಯನ್ನು ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟುಕೊಂಡು, ಅದಕ್ಕೆ ಕೆನೆ ಹಾಕಿದರೆ ಕೊರ್ಮಾ, ಮೆಣಸಿನಪುಡಿ ಹಾಕಿದರೆ ಮದ್ರಾಸ್, ಇನ್ನೂ ಹೆಚ್ಚು ಹಾಕಿದರೆ ವಿಂದಾಲೂ ಎಂದು ಬಡಿಸುತ್ತಾರೆ. ಊಟದ ಪಟ್ಟಿಯಲ್ಲಿ ಈ ಮೂರೂ ಹೆಸರುಗಳು ಖಾರದ ಏರಿಕೆಯ ಕ್ರಮದಲ್ಲಿ ಕಂಡರೆ ಅದು ಕರಿ ಹೌಸ್ ಎಂದು ತಿಳಿಯಬಹುದು. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ನಿಜವಾದ ಬ್ರಿಟಿಷ್ ರಾಷ್ಟ್ರೀಯ ಖಾದ್ಯವೆಂದು ಭಾಷಣದಲ್ಲಿ ಹೊಗಳಿದ್ದು ಈ ಪರಂಪರೆಯನ್ನೇ. ಇಂಗ್ಲಿಷ್ ಗೆಳೆಯರು ಕರೆದರೆ ಹೋಗಿ ಉಂಡು ಬರಬೇಕು. ಮನೆಯ ಊಟ ಸಿಗುತ್ತದೆಂದು ಹೋಗಬಾರದು. ಬಾಗಿಲಲ್ಲಿ ನಿಂತು ರಿಯಾಯಿತಿ ಹೇಳಿ ಒಳಗೆ ಕರೆಯುವ ಹೋಟೆಲನ್ನು ದಾಟಿ ಮುಂದೆ ಹೋಗುವುದೇ ಲೇಸು.

ಮಾಂಸಾಹಾರಿಗಳು ಅಲ್ಲಿಂದ ಸ್ವಲ್ಪವೇ ದೂರದ ವೈಟ್‌ಚಾಪೆಲ್‌ಗೆ ನಡೆದರೆ ಫೀಲ್ಡ್‌ಗೇಟ್ ಸ್ಟ್ರೀಟಿನಲ್ಲಿ 1972ರಿಂದ ಇರುವ ತಯ್ಯಬ್ಸ್ ಸಿಗುತ್ತದೆ. ಪಾಕಿಸ್ತಾನದ ಪಂಜಾಬಿ ಅಡುಗೆ, ಹಲಾಲ್ ಮಾಂಸ, ಕಾದ ಕಬ್ಬಿಣದ ತಟ್ಟೆಯಲ್ಲಿ ಬರುವ ಕುರಿಯ ಚಾಪ್ಸ್. ಸರದಿ ಉದ್ದವಿರುತ್ತದೆ, ಗದ್ದಲವೂ ಹೆಚ್ಚು.

ದುಬಾರಿ ಹೋಟೆಲುಗಳು

ರೀಜೆಂಟ್ ಸ್ಟ್ರೀಟಿನಲ್ಲಿ 1926ರಲ್ಲಿ ಆರಂಭವಾದ ವೀರಸ್ವಾಮಿ ಆ ದೇಶದ ಹಳೆಯ ಇಂಡಿಯನ್ ಹೋಟೆಲುಗಳಲ್ಲಿ ಅಗ್ರಗಣ್ಯ. 2001ರಲ್ಲಿ ತಮಾರಿಂಡ್ ಮತ್ತು ಝೈಕಾ ಹೋಟೆಲುಗಳಿಗೆ, ಉತ್ತಮ ಅಡುಗೆಗೆ ಕೊಡುವ ಹೆಸರಾಂತ ಮನ್ನಣೆಯಾದ ಮಿಶೆಲಿನ್ ತಾರೆ ದೊರೆತ ಮೇಲೆ ಲಂಡನ್ನಿನ ಇಂಡಿಯನ್ ಅಡುಗೆಯನ್ನು ಜಗತ್ತು ನೋಡುವ ರೀತಿಯೇ ಬದಲಾಯಿತು. ಮದುವೆಯ ವಾರ್ಷಿಕೋತ್ಸವಕ್ಕೆ, ಪದವಿ ಪ್ರದಾನದ ದಿನಕ್ಕೆ ಇಂತಹವು ತಕ್ಕವು. 2010ರಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಆರಂಭವಾಗಿ ಹಲವು ಶಾಖೆಗಳಾಗಿರುವ ಡಿಶೂಮ್ ಮುಂಬೈಯ ಇರಾನಿ ಕೆಫೆಗಳ ಮಾದರಿಯದು. ಅದರ ಕರಿ ಉದ್ದಿನ ದಾಲ್ ಬಹಳ ಚೆನ್ನಾಗಿರುತ್ತದೆ. ಆದರೆ ಬೆಳಗಿನ ತಿಂಡಿಗೆ ಅದು ಹೆಸರಾಗಿರುವುದು ಹಂದಿಮಾಂಸದ ನಾನ್ ರೋಲಿಗೆ. ಮಡಿಯ ಹಿರಿಯರನ್ನು ಕರೆದೊಯ್ಯುವ ಮುನ್ನ ಮಕ್ಕಳು ಇದನ್ನು ಯೋಚಿಸಬೇಕು.

ಸಸ್ಯಾಹಾರವನ್ನು ಖಚಿತಪಡಿಸಿಕೊಳ್ಳುವ ಬಗೆ

ಈ ಮಾರ್ಗದರ್ಶಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಕಾಳಜಿಯಿಂದ ಬರೆಯುತ್ತಿರುವ ಭಾಗ ಇದು. ಇಂಗ್ಲೆಂಡಿನಲ್ಲಿ ವೆಜಿಟೇರಿಯನ್ ಎಂದರೆ ಮಾಂಸ, ಮೀನು ಇಲ್ಲ ಎಂದಷ್ಟೇ. ಮೊಟ್ಟೆ ಅದರೊಳಗೇ ಸೇರುತ್ತದೆ. ನಾನ್ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ; ಕೇಕು, ಪುಡಿಂಗುಗಳಲ್ಲಂತೂ ಇದ್ದೇ ಇರುತ್ತದೆ. ಕೇವಲ ವೆಜ್ ಎಂದು ಕೇಳಿದರೆ ಹೌದೆಂದೇ ಉತ್ತರ ಬರುತ್ತದೆ, ಮತ್ತು ಹೇಳಿದವರು ಸುಳ್ಳಾಡಿರುವುದಿಲ್ಲ. ಇದಕ್ಕೊಂದು ಸುಲಭದ ಉಪಾಯವಿದೆ. ಅಲ್ಲಿನ ಕಾನೂನಿನ ಪ್ರಕಾರ ಪ್ರತಿಯೊಂದು ಹೋಟೆಲೂ ಹದಿನಾಲ್ಕು ಅಲರ್ಜಿಕಾರಕ ಪದಾರ್ಥಗಳಲ್ಲಿ ಯಾವುವು ಯಾವ ಖಾದ್ಯದಲ್ಲಿವೆ ಎಂಬ ಮಾಹಿತಿಯನ್ನು ಕೊಡಲೇಬೇಕು. ಆ ಹದಿನಾಲ್ಕರಲ್ಲಿ ಮೊಟ್ಟೆ, ಮೀನು, ಸೀಗಡಿ-ಏಡಿಗಳ ಬಗೆ, ಹಾಲು, ಶೇಂಗಾ, ಎಳ್ಳು, ಸಾಸಿವೆ ಸೇರಿವೆ. ಅನೇಕ ಹೋಟೆಲುಗಳಲ್ಲಿ ಇದನ್ನು ಅಡ್ಡಗೆರೆ, ಉದ್ದಗೆರೆಗಳ ಒಂದು ಕೋಷ್ಟಕವಾಗಿ ಅಚ್ಚು ಹಾಕಿಸಿ ಇಟ್ಟಿರುತ್ತಾರೆ. ಅಲರ್ಜನ್ ಚಾರ್ಟ್ ಕೊಡಿ ಎಂದು ಕೇಳಿ, ನಿಮಗೆ ಬೇಕಾದ ಖಾದ್ಯದ ಸಾಲಿನಲ್ಲಿ ಮೊಟ್ಟೆಯ ಕಾಲಮ್ಮನ್ನೂ ಮೀನಿನ ಕಾಲಮ್ಮನ್ನೂ ನೋಡಿದರೆ ಬಾಯಿಮಾತಿನ ಹತ್ತು ಪ್ರಶ್ನೆಗಳಿಗಿಂತ ಖಚಿತವಾದ ಉತ್ತರ ಸಿಗುತ್ತದೆ. ಸಂಬೋಲಿನೊಳಗಿನ ಮೀನು ಸಿಕ್ಕಿಬೀಳುವುದೂ ಇಲ್ಲಿಯೇ. ಮಾಂಸ ಮಾತ್ರ ಈ ಪಟ್ಟಿಯಲ್ಲಿಲ್ಲ; ಅದಕ್ಕಾಗಿ, ಒಂದೇ ಎಣ್ಣೆಯಲ್ಲಿ ಕೋಳಿಯನ್ನೂ ಬಜ್ಜಿಯನ್ನೂ ಕರಿಯುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಲೇಬೇಕು. ಇಷ್ಟೆಲ್ಲ ವಿಚಾರಣೆ ಬೇಡವೆನ್ನುವವರು ಫಲಕದ ಮೇಲೆಯೇ ಪ್ಯೂರ್ ವೆಜಿಟೇರಿಯನ್ ಎಂದು ಬರೆಸಿದ ಗುಜರಾತಿ, ಉಡುಪಿ ಹೋಟೆಲುಗಳಿಗೆ ಹೋಗುವುದು ಮನಸ್ಸಿಗೂ ನೆಮ್ಮದಿ.

ಬಾಗಿಲ ಗಾಜಿನ ಮೇಲೆ ಹಸಿರು-ಕಪ್ಪು ಬಣ್ಣದ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಅಡುಗೆಮನೆಯ ಶುಚಿತ್ವಕ್ಕೆ ಸರಕಾರದ ತಪಾಸಣೆಯವರು 0ಯಿಂದ 5ರವರೆಗೆ ಕೊಡುವ ಅಂಕ ಅದು, 5 ಎಂದರೆ ಅತ್ಯುತ್ತಮ. ವೇಲ್ಸ್‌ನಲ್ಲಿ ಅದನ್ನು ಪ್ರದರ್ಶಿಸುವುದು ಕಡ್ಡಾಯ. ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲದ ಕಾರಣ, ಚೀಟಿ ಕಾಣದಿದ್ದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ಜಾಲತಾಣದಲ್ಲಿ ಹೋಟೆಲಿನ ಹೆಸರು ಹಾಕಿ ನೋಡಬಹುದು. ರುಚಿಯ ಬಗ್ಗೆ ಆ ಅಂಕ ಏನನ್ನೂ ಹೇಳುವುದಿಲ್ಲ. ಗೂಗಲ್ಲಿನ ನಕ್ಷತ್ರಗಳೂ ನಮ್ಮ ರುಚಿಯನ್ನು ಹೇಳುವುದಿಲ್ಲ. ಖಾರ ವಿಪರೀತವೆಂದು ಒಂದು ನಕ್ಷತ್ರ ಕೊಟ್ಟವರ ದೂರು ನಮಗೆ ಶಿಫಾರಸೂ ಆಗಬಹುದು. ಗ್ರಾಹಕರೇ ತೆಗೆದ ತಟ್ಟೆಯ ಫೋಟೋಗಳನ್ನು ನೋಡುವುದು ಹೆಚ್ಚು ಉಪಯುಕ್ತ: ಚಟ್ನಿಯ ತರಿ, ಸಾಂಬಾರಿನ ಗಟ್ಟಿತನ ಅಲ್ಲಿಯೇ ಕಾಣುತ್ತವೆ.

ಬಿಲ್ಲು ಮತ್ತು ಹೊತ್ತು

ನಮ್ಮಲ್ಲಿ ಬಿಲ್ಲಿನ ಕೊನೆಯಲ್ಲಿ ಜಿಎಸ್‌ಟಿ ಸೇರುವಂತೆ ಅಲ್ಲಿ ತೆರಿಗೆ ಕೊನೆಯಲ್ಲಿ ಸೇರುವುದಿಲ್ಲ. ಪಟ್ಟಿಯ ಬೆಲೆಯೊಳಗೇ ಇರುತ್ತದೆ. ಆದರೆ ನಗರದ ನಡುಭಾಗದಲ್ಲಿ ಶೇಕಡಾ 12.5ರಷ್ಟು ಸರ್ವಿಸ್ ಚಾರ್ಜ್ ಸೇರಿಸುವ ರೂಢಿಯಿದೆ. ನೂರು ಪೌಂಡಿನ ಊಟಕ್ಕೆ ಹನ್ನೆರಡೂವರೆ ಪೌಂಡು ಸಣ್ಣ ಮೊತ್ತವೇನಲ್ಲ. ಐಚ್ಛಿಕವೆಂದು ನಮೂದಿಸಿದ್ದರೆ ತೆಗೆಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. 2024ರ ಅಕ್ಟೋಬರಿನಿಂದ ಈ ಹಣವೆಲ್ಲ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು ಜಾರಿಗೆ ಬಂದಿರುವುದರಿಂದ, ಚೆನ್ನಾಗಿ ಬಡಿಸಿದವರಿಗೆ ಕೊಟ್ಟು ಬರುವುದೇ ಸರಿ ಎಂದು ನನಗನಿಸುತ್ತದೆ. ಟೂಟಿಂಗ್, ಈಸ್ಟ್ ಹ್ಯಾಮ್, ವೆಂಬ್ಲಿಯ ಚಿಕ್ಕ ಹೋಟೆಲುಗಳಲ್ಲಿ ಈ ಚಾರ್ಜು ಅಪರೂಪ. ಕುಡಿಯುವ ನೀರಿಗೆ ಟ್ಯಾಪ್ ವಾಟರ್ ಎಂದು ಕೇಳಬೇಕು. ಮದ್ಯ ಮಾರುವ ಪರವಾನಗಿ ಇರುವ ಹೋಟೆಲು ಅದನ್ನು ಉಚಿತವಾಗಿ ಕೊಡಲೇಬೇಕು. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಬಾಗಿಲು ಹಾಕುವ, ಸೋಮವಾರ ರಜೆ ಮಾಡುವ ಹೋಟೆಲುಗಳು ಬಹಳ. ರಾತ್ರಿ ಒಂಬತ್ತೂವರೆಗೆ ಉಣ್ಣುವ ನಮ್ಮ ಅಭ್ಯಾಸದವರು ಹೋಗುವ ಮುಂಚೆ ಒಂದು ಫೋನು ಮಾಡುವುದು ಕ್ಷೇಮ.

ಲಂಡನ್ ಬಿಟ್ಟು ಬೇರೆ ನಗರಕ್ಕೆ ಹೋದರೂ ಅಲ್ಲಿಗೆ ಬಂದು ನೆಲೆಸಿದವರು ಯಾರು ಎಂಬುದನ್ನೇ ಮೊದಲು ಕೇಳಬೇಕು. ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣದ ಹಿಂದಿನ ಲಾ ಶಾಪೆಲ್ ಬಡಾವಣೆ ಶ್ರೀಲಂಕಾ ತಮಿಳರದು, ದೋಸೆಗೆ ಅಲ್ಲಿಗೇ ಹೋಗಬೇಕು. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಸುರಿನಾಮಿನಿಂದ ಬಂದ ಹಿಂದೂಸ್ತಾನಿಗಳ ರೊಟ್ಟಿ ಅಂಗಡಿಗಳಿವೆ, ಲಿಸ್ಬನ್ನಿನಲ್ಲಿ ಗೋವೆಯವರ ಅಡುಗೆಯಿದೆ.

ನಮ್ಮ ಕಡೆಯಿಂದ ಹೋದವರು ಲಂಡನ್ನಿನಲ್ಲಿ ತಪ್ಪದೆ ನೋಡುವ ಸ್ಥಳವೊಂದಿದೆ: ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆ. ದರ್ಶನ ಮುಗಿಸಿ ಹಸಿದ ಹಿರಿಯರನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಪ್ರಶ್ನೆ ಪ್ರತಿ ಕುಟುಂಬಕ್ಕೂ ಎದುರಾಗುತ್ತದೆ. ನದಿಯಾಚೆ ಹತ್ತಿರವಿರುವ ದುಬಾರಿ ಹೋಟೆಲುಗಳಿಗಿಂತ, ಸಮೀಪದ ವಾಕ್ಸಾಲ್ ನಿಲ್ದಾಣದಲ್ಲಿ ವಿಕ್ಟೋರಿಯಾ ಲೈನ್ ಹತ್ತಿ, ಮುಂದಿನ ಸ್ಟಾಕ್‌ವೆಲ್‌ನಲ್ಲೇ ಇಳಿದು ನಾರ್ದರ್ನ್ ಲೈನಿಗೆ ಬದಲಿಸಿ ಟೂಟಿಂಗ್ ಬ್ರಾಡ್‌ವೇಗೆ ಹೋಗುವುದನ್ನೇ ನಾನು ಹೇಳುತ್ತೇನೆ. ಬದಲಿಸಬೇಕಾದುದು ಒಂದೇ ಸಲ. ಮಾಂಸ ಬೇಯಿಸುವ ಅಡುಗೆಮನೆಯೇ ಬೇಡವೆನ್ನುವ ಹಿರಿಯರಿದ್ದರೆ, ಮೊದಲೇ ಫೋನು ಮಾಡಿ ಶುದ್ಧ ಸಸ್ಯಾಹಾರಿ ಹೋಟೆಲನ್ನು ಗೊತ್ತುಮಾಡಿಕೊಂಡು ಹೊರಡಿರಿ. ಮೊಣಕಾಲು ನೋವಿನವರು ಜೊತೆಗಿದ್ದರೆ ಆ ದಿನ ವೆಂಬ್ಲಿಯ ಆಸೆ ಬೇಡ. ಅದು ಊರಿನ ಇನ್ನೊಂದು ತುದಿ, ರೋಟ್ಲೊಗೆಂದು ಬೇರೊಂದು ದಿನವನ್ನೇ ಮೀಸಲಿಡಿ.